ಬೇಳೆ ಬೇಯುತ್ತಿದ್ದ ಬಾವಿ

ಶಿವಮೊಗ್ಗದ ಹೊಸಮನೆಯಲ್ಲಿರುವ ನನ್ನ ತಂಗಿಯ ಮಗ ಓದಿಕೊಂಡವನು. ಮೊನ್ನೆ ಬಂದಾಗ ಪೇಪರಿನಲ್ಲಿ ಬಂದದ್ದೊಂದನ್ನು ನನಗೆ ಓದಿ ಹೇಳಿದ. ಹೊರದೇಶಗಳಲ್ಲಿ ನೆಲದಡಿ ಉಪ್ಪಿನ ಬಂಡೆಗಳಿರುತ್ತವಂತೆ. ಅವಕ್ಕೆ ಬೋರು ಹೊಡೆದು, ನೀರು ಬಿಟ್ಟು, ಉಪ್ಪು ಕರಗಿಸಿ ಹೊರಗೆ ತೆಗೆದು, ಒಳಗೆ ಗವಿಯಂಥ ಜಾಗ ಮಾಡಿ ಎಣ್ಣೆ ತುಂಬಿಡುತ್ತಾರಂತೆ. ಉಪ್ಪಿನ ಗೋಡೆ ಎಣ್ಣೆಯನ್ನು ಸೋರಗೊಡುವುದಿಲ್ಲವಂತೆ. "ಎಂಥಾ ಬುದ್ಧಿ ನೋಡು ದೊಡ್ಡಮ್ಮ" ಅಂದ.

ನಾನು ಹೆಚ್ಚುತ್ತಿದ್ದ ಸೊಪ್ಪನ್ನು ಕೆಳಗಿಟ್ಟೆ. "ಸೋರುತ್ತಾ ಇಲ್ವಾ ಅಂತ ಪರೀಕ್ಷೆ ಮಾಡ್ತಾರಲ್ಲ, ಬೋರು ಹೊಡೆದ ಮೇಲೆ ಮಾಡ್ತಾರಾ, ಹೊಡೆಯೋಕೆ ಮುಂಚೆ ಮಾಡ್ತಾರಾ?" ಅಂತ ಕೇಳಿದೆ.

ಅವನು ಪೇಪರನ್ನು ಆ ಕಡೆ ಈ ಕಡೆ ತಿರುಗಿಸಿದ. "ಹೊಡೆದ ಮೇಲೇ ಇರಬೇಕು. ಮುಂಚೆ ಮಾಡಿದ್ರೆ ಏನು ಬಂತು?"

ಏನು ಬಂತು ಅಂತ ನನ್ನನ್ನು ಕೇಳಬೇಕು. ನನ್ನ ಬಾವಿ ಹೋಯಿತು. ಇಷ್ಟು ವರ್ಷವಾದರೂ ಆ ಮಾತು ಬಂದರೆ ನನ್ನ ದನಿ ಏರುತ್ತದೆ. ವಯಸ್ಸಿಗೆ ಕಿವಿ ಮಂದ ಅಂತ ಮನೆಯವರು ತಿಳಿದಿದ್ದಾರೆ. ಅಲ್ಲ, ಸಿಟ್ಟು.

ಭದ್ರಾವತಿಯ ಹಳೇ ಊರಿನಲ್ಲಿ ನಾನು ಮೆಸ್ಸು ನಡೆಸುತ್ತಿದ್ದೆ. ನಮ್ಮ ಯಜಮಾನರು ಕಾರ್ಖಾನೆಯಲ್ಲಿ ಎರಕದ ಕೆಲಸದಲ್ಲಿದ್ದರು. ಮದುವೆಯಾಗಿ ಬಂದಾಗ ನಮಗೆ ಇದ್ದದ್ದು ಕ್ವಾರ್ಟರ್ಸಿನ ಒಂದು ಕೋಣೆ. ಅವರ ಜೊತೆಯ ಒಂಟಿ ಹುಡುಗರಿಗೆ ಊಟ ಹಾಕುತ್ತಾ ಹಾಕುತ್ತಾ ಮೆಸ್ಸು ಆಯಿತು. ಸ್ವಂತ ಮನೆ ಕೊಳ್ಳುವ ಕಾಲ ಬಂದಾಗ ನಾನು ನೋಡಿದ ಮನೆಗಳಿಗೆ ಲೆಕ್ಕವಿಲ್ಲ. ಪ್ರತಿ ಮನೆಗೂ ಸೆರಗಿನಲ್ಲಿ ಒಂದು ಹಿಡಿ ತೊಗರಿಬೇಳೆ ಕಟ್ಟಿಕೊಂಡು ಹೋಗುತ್ತಿದ್ದೆ. ಸೂರು, ಗೋಡೆ, ಬಾಗಿಲಿನ ಕಡೆ ಕಣ್ಣೆತ್ತುತ್ತಿರಲಿಲ್ಲ. ಬಾವಿಯಿಂದ ಒಂದು ಚೊಂಬು ನೀರು ಸೇದಿ, ಆ ಮನೆಯವರ ಒಲೆಯಲ್ಲೇ ಬೇಳೆ ಬೇಯಲಿಡುತ್ತಿದ್ದೆ. "ಇದೇನಮ್ಮ, ಮನೆ ನೋಡೋಕೆ ಬಂದ್ಯೋ ಊಟಕ್ಕೆ ಬಂದ್ಯೋ?" ಅಂತ ಎಷ್ಟೋ ಜನ ನಕ್ಕಿದ್ದಾರೆ. ನಗಲಿ. ಮೆಸ್ಸಿನವಳಿಗೆ ಬೇಳೆ ಬೇಗ ಬೆಂದರೆ ಸೌದೆ ಉಳಿಯಿತು, ಹೊತ್ತು ಉಳಿಯಿತು, ಸಾರಿಗೆ ರುಚಿ ಬಂತು. ಮನೆ ಕೊಳ್ಳುವವರಿಗೆ ಈಗಲೂ ನಾನು ಹೇಳುವುದು ಇದನ್ನೇ. ಗೋಡೆ ಬಿದ್ದರೆ ಕಟ್ಟಬಹುದು, ನೀರನ್ನು ಯಾವ ಮೇಸ್ತ್ರಿಯೂ ಕಟ್ಟಿಕೊಡಲಾರ. ನೀರು ನೋಡಿ ಕೊಳ್ಳಿ.

ಕೊನೆಗೆ ಕೊಂಡ ಮನೆಯ ಗೋಡೆಗಳು ಡೊಂಕು, ಹೆಂಚು ಒಡಕು. ಆದರೆ ಹಿತ್ತಲ ಬಾವಿಯ ನೀರಿನಲ್ಲಿ ಬೇಳೆ ಬೆಣ್ಣೆಯ ಹಾಗೆ ಬೆಂದಿತು. ಮಾರುವವನ ಎದುರಿಗೆ ಮಾತ್ರ ಮುಖ ಸಿಂಡರಿಸಿಕೊಂಡು, ಹೆಂಚನ್ನೇ ಮತ್ತೆ ಮತ್ತೆ ಬೈದೆ. ಬಾವಿಯ ಮಾತೇ ಎತ್ತಲಿಲ್ಲ. ಬೇಕಾದದ್ದನ್ನು ಹೊಗಳಿದರೆ ಅದರ ಬೆಲೆ ಏರುತ್ತದೆ.

ನಮ್ಮ ಬೀದಿ ಇಳಿಜಾರಿನದು. ಮೇಲಿನ ತುದಿಯಲ್ಲಿ ಸೀಮೆಎಣ್ಣೆ ಸಾಹುಕಾರನ ಮನೆ, ನಡುವೆ ಅವನ ಗೋಡೌನು, ಅದರ ಕೆಳಗೆ ನಾವು. ಎದುರಿಗೆ ಸಿಕ್ಕಾಗ ಸಾಹುಕಾರ್ರೇ ಅಂತಲೇ ಕರೆಯುತ್ತಿದ್ದೆ, ಬಹುವಚನದಲ್ಲೇ ಮಾತಾಡುತ್ತಿದ್ದೆ. ಬರೆಯುವಾಗ ಆ ಮರ್ಯಾದೆ ಕೊಡುವುದು ನನ್ನಿಂದ ಆಗುವುದಿಲ್ಲ. ಅವನಿಗೆ ಹಿಂದಿನಿಂದ ಬಂದ ಜಮೀನಿತ್ತು, ಜೊತೆಗೆ ಸೀಮೆಎಣ್ಣೆಯ ಏಜೆನ್ಸಿ. ಅರವತ್ತರ ದಶಕದ ನಡುವಿನ ಅಭಾವದ ವರ್ಷಗಳವು. ಸಕ್ಕರೆಗೆ ಕ್ಯೂ, ಅಕ್ಕಿಗೆ ಕ್ಯೂ, ಸೀಮೆಎಣ್ಣೆಗೆ ಡಬ್ಬ ಹಿಡಿದು ಕ್ಯೂ. ದಾಸ್ತಾನು ನೋಡಲು ಸರ್ಕಾರದವರು ಬಂದು ಪೀಪಾಯಿ ಎಣಿಸಿ ಹೋಗುತ್ತಿದ್ದರು. ಎಣಿಕೆಗೆ ಸಿಗದ ಹಾಗೆ ಎಣ್ಣೆ ಇಡುವ ಜಾಗ ಇವನಿಗೆ ಬೇಕಿತ್ತು.

ಗೋಡೌನಿನ ಅಂಗಳದಲ್ಲಿ ಅವರ ತಾತನ ಕಾಲದ ಹಗೇವು ಇತ್ತು. ಈಗಿನವರಿಗೆ ಹಗೇವು ಗೊತ್ತಿರಲಿಕ್ಕಿಲ್ಲ. ನೆಲದೊಳಗೆ ಮಡಕೆಯ ಆಕಾರಕ್ಕೆ ಅಗೆದ ಗುಂಡಿ ಅದು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಸುತ್ತ ಹುಲ್ಲು ಹೊದಿಸಿ, ರಾಗಿಯೋ ಜೋಳವೋ ತುಂಬಿ, ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆರೆದಾಗ ಒಳಗೆ ಇಳಿಯುವ ಮೊದಲು ಹಗ್ಗಕ್ಕೆ ದೀಪ ಕಟ್ಟಿ ಬಿಡುತ್ತಿದ್ದರು. ದೀಪ ಆರಿತೋ, ಒಳಗೆ ಕೆಟ್ಟ ಗಾಳಿ ಇದೆ, ಯಾರೂ ಇಳಿಯಬಾರದು. ಈ ದೀಪದ ಮಾತು ನೆನಪಿನಲ್ಲಿರಲಿ, ಮುಂದೆ ಇನ್ನೊಂದು ದೀಪ ಬರುತ್ತದೆ.

ಆ ಹಗೇವಿಗೆ ಒಳಗಿನಿಂದ ಸಿಮೆಂಟು ಬಳಿಸಿ ಸೀಮೆಎಣ್ಣೆ ತುಂಬುವುದು ಸಾಹುಕಾರನ ಯೋಚನೆ. ಬಾಯನ್ನು ಕಾಂಕ್ರೀಟಿನಿಂದ ಮುಚ್ಚಿಬಿಡುವುದು. ಹಗೇವಿನ ಹೊಟ್ಟೆ ಗೋಡೌನಿನ ಒಳಗಿನ ಕೋಣೆಯ ಕೆಳಗೂ ಚಾಚಿದ್ದರಿಂದ, ಆ ಕೋಣೆಯ ನೆಲದಿಂದ ಬೋರು ಹೊಡೆದು ಪೈಪು ಇಳಿಸಿ, ಕೈಪಂಪಿನಲ್ಲಿ ಎಣ್ಣೆ ಎತ್ತುವುದು. ಹೊರಗಿನಿಂದ ನೋಡಿದರೆ ಖಾಲಿ ಅಂಗಳ. ಇದೇನೂ ಗುಟ್ಟಾಗಿರಲಿಲ್ಲ, ಇಡೀ ಬೀದಿಗೆ ಗೊತ್ತಿತ್ತು. ಎಲ್ಲರ ಮನೆಯಲ್ಲೂ ಲಾಂದ್ರ ಉರಿಯಬೇಕಿತ್ತು. ಕ್ಯೂನಲ್ಲಿ ನಿಲ್ಲದೆ ಒಂದು ಬಾಟ್ಲಿ ಸಿಗುತ್ತದೆ ಅನ್ನುವಾಗ ಯಾರ ಬಾಯಿ ತೆರೆಯುತ್ತದೆ?

ನಾನು ಕೇಳಿದೆ. ಗಾರೆ ಕೆಲಸದವರು ಹಗೇವಿಗೆ ಇಳಿಯುತ್ತಿದ್ದ ದಿನ, ದಾರಿಯಲ್ಲಿ ನಿಂತು, "ಸಾಹುಕಾರ್ರೇ, ನೆಲದೊಳಗೆ ಎಣ್ಣೆ ನಿಲ್ಲುತ್ತಾ?" ಅಂದೆ.

"ನಮ್ಮ ತಾತನ ಕಾಲದಿಂದ ರಾಗಿ ನಿಂತಿದೆ ಕಣಮ್ಮ."

"ರಾಗಿಗೆ ಕಾಲಿಲ್ಲ. ಎಣ್ಣೆಗಿದೆ."

ಅವನು ಕೆಲಸದವರ ಕಡೆ ತಿರುಗಿ, "ಮೆಸ್ಸಿನಮ್ಮ ಇಂಜಿನಿಯರ್ ಆಗಿದಾರೆ, ಸಂಬಳ ಜಾಸ್ತಿ ಕೇಳ್ತಾರೇನೋ!" ಅಂದ. ಅವರೂ ನಕ್ಕರು. ಸಂಬಳ ಕೊಡುವವನು ನಕ್ಕರೆ ಎಲ್ಲರಿಗೂ ನಗು ಬರುತ್ತದೆ.

ಇನ್ನು ಅವನು ಮಾಡಿದ ಎಡವಟ್ಟು. ಸಿಮೆಂಟು ಒಣಗಿತು. ಸೋರುತ್ತದೋ ಇಲ್ಲವೋ ನೋಡಲು ಮೊದಲು ನೀರು ತುಂಬಬೇಕು. ಅದಕ್ಕೊಂದು ಮುಹೂರ್ತ ಇಡಿಸಿದ. ಬೋರಿನ ಸೆಟ್ಟು ಅಷ್ಟರೊಳಗೆ ಶಿವಮೊಗ್ಗದಿಂದ ಬರಬೇಕಿತ್ತು, ಬರಲಿಲ್ಲ. ಇನ್ನೆಲ್ಲೋ ಕಲ್ಲಿಗೆ ಸಿಕ್ಕಿಹಾಕಿಕೊಂಡು ಕೂತಿತ್ತು. ಮುಹೂರ್ತ ಮೀರಬಾರದು ಅಂತ ಬೋರಿಗೆ ಕಾಯದೆ ಗಂಗೆ ಪೂಜೆ ಮಾಡಿಸಿ ನೀರು ತುಂಬಿಸಿದ. ನೀರು ಒಂದು ಬೆರಳೂ ಇಳಿಯಲಿಲ್ಲ. ಬೀದಿಗೆಲ್ಲ ಮಂಡಕ್ಕಿ, ಬೆಲ್ಲ ಹಂಚಿದ. ನೀರನ್ನು ಹೊರಗೆ ಚೆಲ್ಲಿಸಿ, ಹಗೇವಿನ ಬಾಯಿ ಮುಚ್ಚಿಸಿದ. ಬೋರಿನ ಸೆಟ್ಟು ಬಂದದ್ದು ಆಮೇಲೆ.

ಬೋರಿನ ಮೇಸ್ತ್ರಿ ತಮಿಳಿನವನು. ಗಾಜನೂರಿನಲ್ಲಿ ಅಣೆಕಟ್ಟು ಕಟ್ಟುವಾಗ ಕಲ್ಲಿಗೆ ತೂತು ಹೊಡೆದು ಕಲಿತವನು ಅಂತ ತನ್ನನ್ನು ತಾನೇ ಹೊಗಳಿಕೊಳ್ಳುತ್ತಿದ್ದ. ಮುಕ್ಕಾಲಿ ನಿಲ್ಲಿಸಿ, ಹಗ್ಗದ ತುದಿಗೆ ಭಾರದ ಕಬ್ಬಿಣದ ಉಳಿ ಕಟ್ಟಿ, ಆಳುಗಳು ಎತ್ತಿ ಎತ್ತಿ ಬಿಡುವುದು. ದಬ್, ದಬ್, ದಬ್. ಗೋಡೌನಿನಲ್ಲಿ ಉಳಿ ಬಿದ್ದರೆ ನಮ್ಮನೆ ಗೂಡಿನ ತಟ್ಟೆಗಳು ಟಣಟಣ ಅನ್ನುತ್ತಿದ್ದವು. ನನ್ನ ತಟ್ಟೆ ಅದುರುತ್ತದೆ ಅಂದರೆ ಹಗೇವಿನ ಹೊಸ ಸಿಮೆಂಟಿನ ಗತಿ ಏನು? ಅದನ್ನು ಯೋಚಿಸಿದವರಿಲ್ಲ. ಉಳಿ ಹಗೇವಿನೊಳಗೆ ತೂರಿದ ದಿನ ತೆಂಗಿನಕಾಯಿ ಒಡೆದರು. ಎರಡನೇ ಸಲ ನೀರು ತುಂಬಿ ನೋಡಲಿಲ್ಲ. ಪೂಜೆ ಆಗಿದೆಯಲ್ಲ! ಸೀದಾ ಎಣ್ಣೆ.

ಬೇಸಿಗೆ ಕಳೆಯಿತು. ಮಳೆಗಾಲದಲ್ಲಿ ಬಾವಿಯ ನೀರು ಮೇಲೆ ಬಂತು. ಒಂದು ದಿನ ಬೆಳಗಿನ ಪಾಳಿ ಮುಗಿಸಿ ಊಟಕ್ಕೆ ಕೂತ ಹುಡುಗರಲ್ಲಿ ಒಬ್ಬ ಸಾರಿಗೆ ಕೈಯಿಟ್ಟವನು ಬೆರಳು ಮೂಸಿಕೊಂಡ.

"ಅಕ್ಕಾ, ಇವತ್ತು ಒಗ್ಗರಣೆಯನ್ನ ಲಾಂದ್ರದಲ್ಲಿ ಹಾಕಿದ್ರಾ?"

ಪಕ್ಕದವನು, "ಸುಮ್ನೆ ತಿನ್ನೋ ಮಾರಾಯ. ಬೀಡಿ ಮಾತ್ರ ಸೇದಬೇಡ, ಹೊಟ್ಟೆ ಹತ್ಕೊಳ್ಳುತ್ತೆ" ಅಂದ.

ಎಲ್ಲರೂ ನಕ್ಕರು, ನಾನೂ ನಕ್ಕೆ. ಒಳಗೆ ಹೋಗಿ ಸಾರನ್ನು ಮೂಸಿ ನೋಡಿದೆ. ಏನೂ ತಿಳಿಯಲಿಲ್ಲ. ನಮ್ಮ ಬೀದಿಗೇ ಸೀಮೆಎಣ್ಣೆಯ ವಾಸನೆ. ಗೋಡೌನಿನ ಮುಂದಿನ ಮಣ್ಣಿನಲ್ಲಿ, ಗಾಡಿಯವನ ಬಟ್ಟೆಯಲ್ಲಿ, ಕ್ಯೂ ನಿಂತವರ ಡಬ್ಬಗಳಲ್ಲಿ ಅದೇ ವಾಸನೆ. ನಮ್ಮ ಮೂಗುಗಳು ಎಂದೋ ಒಗ್ಗಿಹೋಗಿದ್ದವು. ಹುಡುಗರು ಕಾರ್ಖಾನೆಯಿಂದ ಬರುವವರು, ಅವರಿಗೆ ತಿಳಿಯಿತು. ಪಾತ್ರೆ ತಿಕ್ಕಿಸಿದೆ, ಬೇಳೆ ಬದಲಾಯಿಸಿದೆ, ಅಂಗಡಿಯವನ ಮೇಲೆ ಜಗಳಕ್ಕೆ ಹೋದೆ. ಹುಡುಗರು ಒಬ್ಬೊಬ್ಬರೇ ಬೇರೆ ಕಡೆ ಊಟಕ್ಕೆ ಹೋಗತೊಡಗಿದರು. ಹೋಗುವವರು ಕಾರಣ ಹೇಳುತ್ತಿರಲಿಲ್ಲ. "ಊರಿಂದ ತಮ್ಮ ಬಂದಿದಾನೆ ಅಕ್ಕಾ, ರೂಮಲ್ಲೇ ಅಡುಗೆ" ಅನ್ನುತ್ತಿದ್ದರು. ಎಲ್ಲರ ತಮ್ಮಂದಿರೂ ಒಟ್ಟಿಗೆ ಬಂದುಬಿಟ್ಟಿದ್ದರು.

ಆ ಹೊತ್ತಿಗೆ ನಮ್ಮ ಎದುರುಮನೆ ಅಜ್ಜಿಯ ಮೊಮ್ಮಗಳು ಬಾಣಂತನ ಮುಗಿಸಿದಳು. ನಮ್ಮ ಕಡೆ ಬಾಣಂತಿ ಮೊದಲ ಸಲ ನೀರು ಸೇದುವ ದಿನ ಗಂಗಮ್ಮನ ಪೂಜೆ ಮಾಡುತ್ತಾರೆ. ಬಾವಿ ನಮ್ಮದಾದರೂ ಎದುರು ಮನೆಯವರು, ಪಕ್ಕದವರು ಎಲ್ಲರೂ ಅದರಲ್ಲೇ ಸೇದುತ್ತಿದ್ದರು, ಪೂಜೆಯೂ ಅಲ್ಲೇ. ಅಜ್ಜಿಯ ಮನೆಯಲ್ಲಿ ಇನ್ನೊಂದು ಪದ್ಧತಿ ಇತ್ತು. ಬಾಳೆ ಎಲೆಯ ದೊನ್ನೆಯಲ್ಲಿ ತುಪ್ಪದ ಹೂಬತ್ತಿ ಹಚ್ಚಿ, ಅದನ್ನು ಬಕೇಟಿನಲ್ಲಿಟ್ಟು ಬಾವಿಗೆ ಇಳಿಸಿ, ನೀರಿನ ಮೇಲೆ ತೇಲಿಬಿಡುವುದು. ಹೆಂಗಸರಿಗೆ ಉಸಲಿ ಹಂಚಿ ಮುಗಿಯುವಷ್ಟರಲ್ಲಿ ತುಪ್ಪ ತೀರಿ ದೀಪ ಆರುತ್ತದೆ.

ಅವತ್ತು ಆರಲಿಲ್ಲ.

ಉಸಲಿ ಹಂಚಿದರು. ಮಗುವನ್ನು ತೋರಿಸಿದರು, ದೃಷ್ಟಿ ತೆಗೆದರು. ಯಾರೋ ಬಗ್ಗಿ ನೋಡಿ, "ಇನ್ನೂ ಉರೀತಿದೆ!" ಅಂದರು. ಮಧ್ಯಾಹ್ನದ ಊಟವಾಯಿತು. ಇನ್ನೂ ಉರಿಯುತ್ತಿತ್ತು. ದೊನ್ನೆ ಅರ್ಧ ಕರಕಾಗಿ ನೀರಿಗೆ ಒರಗಿತ್ತು, ಬತ್ತಿ ಮಾತ್ರ ದಪ್ಪ ಕೆಂಪು ನಾಲಿಗೆ ಚಾಚಿಕೊಂಡು ಉರಿಯುತ್ತಿತ್ತು. ಸುದ್ದಿ ಬೀದಿಗೆ ಹೋಯಿತು, ಪಕ್ಕದ ಬೀದಿಗೆ ಹೋಯಿತು. ಸಂಜೆಯಾಗುವಷ್ಟರಲ್ಲಿ ನನ್ನ ಹಿತ್ತಲಿನಲ್ಲಿ ಕಾಲಿಡಲು ಜಾಗವಿಲ್ಲ. ಅಜ್ಜಿ ಬಾವಿಕಟ್ಟೆ ಹಿಡಿದುಕೊಂಡು ಅಳುತ್ತಿದ್ದರು. ಅವರ ಮೊಮ್ಮಗಳಿಗೆ ಹಿಂದೆ ಎರಡು ಬಸುರು ನಿಂತಿರಲಿಲ್ಲ.

"ನೋಡೇ ಮಾರಾಯ್ತಿ, ತಾಯಿ ಒಲಿದಿದಾಳೆ ಕಣೇ. ನಿನ್ನ ಬಾವೀಲಿ ಕೂತಿದಾಳೆ" ಅಂತ ನನ್ನ ಕೈ ಹಿಡಿದರು.

ನಾನೂ ಬಗ್ಗಿ ನೋಡಿದೆ. ದೀಪದ ಮೇಲೆ ಸಣ್ಣಗೆ ಕಪ್ಪು ಹೊಗೆ ಏಳುತ್ತಿತ್ತು. ತುಪ್ಪದ ದೀಪ ಹಾಗೆ ಮಸಿ ಕಾರುವುದಿಲ್ಲ. ಬೆಳಕು ಬಿದ್ದಷ್ಟು ಜಾಗದಲ್ಲಿ ನೀರಿನ ಮೇಲೆ ನವಿಲುಗರಿಯಂಥ ಬಣ್ಣ ಸುತ್ತುತ್ತಿತ್ತು. ನನಗೆ ಅಲ್ಲೇ ಅರ್ಥವಾಯಿತು. ಆ ಅಜ್ಜಿಯ ಮುಖ ನೋಡಿ ಅವರ ಕೈಯನ್ನು ಹಾಗೇ ಹಿಡಿದುಕೊಂಡೆ.

ಅಷ್ಟರಲ್ಲಿ ಸಾಹುಕಾರ ಬಂದ. ಜನ ದಾರಿ ಬಿಟ್ಟರು. ಬಾವಿಗೆ ಬಗ್ಗಿ ನೋಡಿದ. ಅವನ ಮುಖ ನಾನು ನೋಡುತ್ತಿದ್ದೆ, ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಒಂದು ಗಳಿಗೆ ಬಿಳುಚಿಕೊಂಡ. ಅವನಿಗೂ ಅರ್ಥವಾಗಿತ್ತು. ಸೀಮೆಎಣ್ಣೆ ಮಾರುವವನಿಗೆ ಅದರ ಉರಿ ಗೊತ್ತಿರುವುದಿಲ್ಲವೇ? ಆಮೇಲೆ ಅಂಗವಸ್ತ್ರ ಸೊಂಟಕ್ಕೆ ಕಟ್ಟಿಕೊಂಡು ಬಾವಿಕಟ್ಟೆಯ ಮುಂದೆ ಉದ್ದಂಡ ಬಿದ್ದ.

ಎದ್ದು ನಿಂತು, "ಇನ್ಮೇಲೆ ಈ ಬಾವಿ ದೇವರದ್ದು. ಯಾರೂ ಕೊಡ ಇಳಿಸಬೇಡಿ, ಮೈಲಿಗೆ ಆಗುತ್ತೆ. ಮೇಲೆ ಕಲ್ಲು ಹಾಸಿ ಮಂಟಪ ಕಟ್ಟಿಸ್ತೀನಿ. ಖರ್ಚು ನನ್ನದು" ಅಂದ.

ಜನ ಕೈ ಮುಗಿದರು. ಎಣ್ಣೆ ಸೋರಿಸಿದ್ದಕ್ಕೆ ಬಂದ ಸಿಟ್ಟು ಬೇರೆ. ಅದು ಎಡವಟ್ಟು, ಯಾರಿಂದಲೂ ಆಗಬಹುದು. ಆದರೆ ನೆಲಕ್ಕೆ ಬಿದ್ದು ಏಳುವಷ್ಟು ಹೊತ್ತಿನಲ್ಲಿ, ಬಾವಿ ಮುಚ್ಚಿದರೆ ಸೋರಿದ್ದೂ ಮುಚ್ಚಿಹೋಗುತ್ತದೆ ಅಂತ ಅವನು ಲೆಕ್ಕ ಹಾಕಿದನಲ್ಲ! ಒಬ್ಬ ಮುದುಕಿಯ ಕಣ್ಣೀರನ್ನು ಮುಚ್ಚಳ ಮಾಡಿಕೊಂಡನಲ್ಲ! ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಯಜಮಾನರು ಊಟಕ್ಕೆ ಕೂತಾಗ ಹೇಳಿದೆ. ಅವರದು ಮೆತ್ತನೆ ಸ್ವಭಾವ. "ಬಿಡೇ, ದೊಡ್ಡೋರ ಹತ್ರ ನಮಗ್ಯಾಕೆ? ದೇವರ ವಿಷಯ ಬೇರೆ ಸೇರ್ಕೊಂಡಿದೆ."

"ದೇವರ ವಿಷಯ ಅಲ್ಲರೀ, ಸಾರಿನ ವಿಷಯ. ನಾಳೆ ಮಂಟಪ ಕಟ್ಟಿದ್ರೆ ಮೆಸ್ಸಿಗೆ ನೀರೆಲ್ಲಿಂದ ತರ್ಲಿ? ಹೊಳೆಯಿಂದ ನೀವು ಹೊತ್ತು ತರ್ತೀರಾ?"

ಅವರು ತಟ್ಟೆಗೆ ಇನ್ನೊಂದು ಮುದ್ದೆ ಹಾಕಿಸಿಕೊಂಡರು. ಅದು ಅವರು ಒಪ್ಪಿದ ರೀತಿ.

ಮಂಟಪಕ್ಕೆ ಗೆರೆ ಎಳೆಯಲು ಜನ ಸೇರಿದ ಬೆಳಿಗ್ಗೆ, ನಾನು ಅಕ್ಕಿ ಸೋಸುವ ಹಳೇ ಬಟ್ಟೆಯನ್ನು ಹಗ್ಗಕ್ಕೆ ಕಟ್ಟಿ ಬಾವಿಗೆ ಬಿಟ್ಟೆ. ಮುಳುಗಿಸಲಿಲ್ಲ, ನೀರಿನ ಮೇಲೆ ಮೆಲ್ಲಗೆ ಎಳೆದಾಡಿದೆ. ಎತ್ತಿ ಪಾತ್ರೆಗೆ ಹಿಂಡಿದೆ. ಮತ್ತೆ ಬಿಟ್ಟೆ, ಮತ್ತೆ ಹಿಂಡಿದೆ. ಪಾತ್ರೆಯದನ್ನು ಗಾಜಿನ ಬಾಟ್ಲಿಗೆ ಸುರಿದು ಇಟ್ಟರೆ ಕೆಳಗೆ ನೀರು, ಮೇಲೆ ಎಣ್ಣೆ, ನಡುವೆ ಗೆರೆ ಎಳೆದ ಹಾಗೆ. ಮೇಲಿನದನ್ನು ಜೋಪಾನವಾಗಿ ಬಗ್ಗಿಸಿ ಖಾಲಿ ಬುಡ್ಡಿಗೆ ಹಾಕಿ, ಹೊಸ ಬತ್ತಿ ಏರಿಸಿ, ಎಲ್ಲರ ಎದುರಿಗೆ ಕಡ್ಡಿ ಗೀರಿದೆ. ಬುಡ್ಡಿ ಚೆನ್ನಾಗಿ ಹತ್ತಿತು. ಕರೀ ಹೊಗೆ, ಕೆಂಪು ಉರಿ, ಬಾವಿಯೊಳಗಿನ ದೀಪದ್ದೇ ಉರಿ. ಅದನ್ನು ಹಿಡಿದುಕೊಂಡು ಸಾಹುಕಾರನ ಮುಂದೆ ನಿಂತೆ.

"ನಿಮ್ಮ ಸೀಮೆಎಣ್ಣೆ. ನನ್ನ ಬಾವಿಗೆ ಬಂದಿತ್ತು. ವಾಪಸ್ ತಗೊಳ್ಳಿ."

ಬೀದಿಯೇ ಬುಡ್ಡಿ ನೋಡುತ್ತಿತ್ತು. ಸಾಹುಕಾರ, "ದೇವರ ಬಾವಿಗೆ ಮೈಲಿಗೆ ಬಟ್ಟೆ ಬಿಟ್ಟೆಯಲ್ಲಮ್ಮ!" ಅಂದ. ಕೆಲವರು ಹೂಂಗುಟ್ಟಿದರು. ನನಗೆ ಅದು ತಾಗಲಿಲ್ಲ. ತಾಗಿದ್ದು ಅಜ್ಜಿಯ ಮಾತು.

"ನಮ್ಮನೆ ಶಾಸ್ತ್ರಕ್ಕೆ ಮಸಿ ಬಳಿದೆಯಲ್ಲೇ. ಒಂದು ದಿನ ಸಂತೋಷವಾಗಿರೋಕೆ ಬಿಡಲಿಲ್ಲವಲ್ಲೇ ನೀನು."

"ಅಜ್ಜೀ, ನಿಮ್ಮ ಮೊಮ್ಮಗಳು ಈ ನೀರು ಕುಡಿದೇ ಮಗುವಿಗೆ ಹಾಲು ಕೊಡ್ತಿರೋದು. ಮೂಸಿ ನೋಡಿ."

ಅಜ್ಜಿ ಬಾಟ್ಲಿ ಇಸಕೊಂಡು ಮೂಸಿದರು. ಬಾಟ್ಲಿ ನನ್ನ ಕೈಗೆ ಕೊಟ್ಟು, ಮೊಮ್ಮಗಳ ಕೈ ಹಿಡಿದು ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಬಹಳ ದಿನ ನನ್ನ ಜೊತೆ ಮಾತಾಡಲಿಲ್ಲ. ಸಾಹುಕಾರನಿಗೆ ಸಲ್ಲಬೇಕಾದ ಸಿಟ್ಟು ನನ್ನ ಪಾಲಿಗೆ ಬಂತು, ಆ ಬಾಕಿಯೂ ಅವನ ಮೇಲೇ ಇದೆ.

ಸಂಜೆ ಸಾಹುಕಾರ ತನ್ನ ಜಗಲಿಗೆ ಮಾತಿಗೆ ಕರೆಸಿದ. ಕಾಫಿ ಬಂತು. ನಾನು ಮುಟ್ಟಲಿಲ್ಲ. ಚೌಕಾಸಿಗೆ ಹೋದ ಮನೆಯಲ್ಲಿ ಏನನ್ನೂ ಬಾಯಿಗೆ ಹಾಕಬಾರದು. ತಿಂದ ಮೇಲೆ ಇಲ್ಲ ಅನ್ನುವ ಗಂಟಲು ಸಣ್ಣದಾಗುತ್ತದೆ.

"ಆದದ್ದು ಆಯ್ತು. ತಿಂಗಳು ತಿಂಗಳೂ ಒಂದು ಡಬ್ಬ ಸೀಮೆಎಣ್ಣೆ ನಿಮ್ಮನೆಗೆ, ಬಿಟ್ಟಿ. ನೀವು ಬದುಕಿರೋತನಕ" ಅಂದ.

"ಸೀಮೆಎಣ್ಣೆ ನನ್ನ ಬಾವೀಲೇ ಸಿಗುತ್ತೆ. ನೀರು ಕೊಡಿ."

"ನೀರು ಅಂದ್ರೆ? ಒಂದು ಆಳು ಇಡ್ತೀನಿ, ಹೊಳೆಯಿಂದ ಹೊತ್ತು ಹಾಕ್ತಾನೆ."

"ಆಳು ಹಬ್ಬಕ್ಕೆ ಊರಿಗೆ ಹೋಗ್ತಾನೆ. ಅವತ್ತು ನನ್ನ ಹುಡುಗರು ಉಪವಾಸ ಇರ್ಲಾ?"

"ಮತ್ತೆ ಏನು ಬೇಕು ಹೇಳಮ್ಮ."

"ಬೋರು. ಎಣ್ಣೆಗೆ ಹೊಡೆಸಿದ್ರಲ್ಲ, ಅದೇ ಸೆಟ್ಟು ತರಿಸಿ ನೀರಿಗೆ ಹೊಡೆಸಿ. ಕಲ್ಲಿನೊಳಗಿನ ನೀರು ಬರ್ಬೇಕು. ಕೈಪಂಪು ಕೂರಿಸ್ಬೇಕು. ಬೀದಿಯೋರೆಲ್ಲ ಹೊಡ್ಕೋಬೇಕು."

ಅವನು ಯೋಚಿಸುವವನ ಹಾಗೆ ಗಲ್ಲ ಕೆರೆದ. "ಆಗ್ಲಿ. ಗೋಡೌನಿನ ಹಿಂದೆ ಕೆಳಗಡೆ ಜಾಗ ಇದೆ, ಅಲ್ಲಿ ಹೊಡೆಸ್ತೀನಿ."

"ಮಳೆ ಬಂದ್ರೆ ನಮ್ಮ ಬೀದೀಲಿ ನೀರು ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತೆ ಸಾಹುಕಾರ್ರೇ?"

ಅವನು ಇಳಿಜಾರಿನ ಕಡೆ ನೋಡಿದ.

"ಎಣ್ಣೆಯೂ ಆ ಕಡೆಗೇ ಬರುತ್ತೆ. ಹಗೇವಿಗಿಂತ ಮೇಲೆ ಹೊಡೀಬೇಕು. ಮೇಲಿರೋದು ಒಂದೇ ಜಾಗ, ನಿಮ್ಮನೆ ಅಂಗಳ."

ಅವನು ಎದ್ದು ನಿಂತ. ಅವನ ಅಂಗಳ ಅಂದರೆ ಸಾಮಾನ್ಯದ್ದಲ್ಲ, ಕಬ್ಬಿಣದ ಗೇಟು, ಗುಲಾಬಿ ಗಿಡ, ಹೊಸದಾಗಿ ಹಾಸಿದ ಚಪ್ಪಡಿ. ಬೀದಿಯವರು ಗೇಟಿನಿಂದ ಆಚೆ ನಿಂತು ಮಾತಾಡಿಸಬೇಕಿತ್ತು. "ಕಂಡಕಂಡೋರೆಲ್ಲ ಕೊಡ ಹಿಡ್ಕೊಂಡು ನಮ್ಮನೆ ಒಳಗೆ ಓಡಾಡೋದಾ?"

"ನನ್ನ ಹಿತ್ತಲಲ್ಲಿ ಇಷ್ಟು ವರ್ಷ ಓಡಾಡಿಲ್ವಾ? ಬೇಡ ಅಂದ್ರೆ ಬಿಡಿ. ಪೀಪಾಯಿ ಎಣಿಸೋಕೆ ಬರ್ತಾರಲ್ಲ ಸರ್ಕಾರದೋರು, ಹಾಗೇ ನನ್ನ ಬಾವಿಯನ್ನೂ ಎಣಿಸ್ಕೊಂಡು ಹೋಗಿ ಅಂತ ಕರೀತೀನಿ."

ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಅವನು ಕೂತ. ಅಂಗಳಕ್ಕೆ ಒಪ್ಪಿದ. ಹಾಳು ಮಾಡಿದವನ ಹತ್ತಿರ ಪರಿಹಾರಕ್ಕೆ ಹೋದರೆ, ಅವನ ಹತ್ತಿರ ಧಾರಾಳವಾಗಿ ಇರುವುದನ್ನು ತೆಗೆದುಕೊಂಡು ಬರಬೇಡಿ. ನೀವು ಕಳೆದುಕೊಂಡದ್ದನ್ನೇ ಕೇಳಿ, ಅವನಿಗೆ ದಿನವೂ ಕಣ್ಣಿಗೆ ಬೀಳುವ ಜಾಗದಲ್ಲಿ ಕೇಳಿ.

ಅದೇ ಮೇಸ್ತ್ರಿ, ಅದೇ ಮುಕ್ಕಾಲಿ, ಅದೇ ಉಳಿ ಬಂದವು. ನಾನು ಮೇಸ್ತ್ರಿಯನ್ನು ಬಿಡಲಿಲ್ಲ. "ಅಲ್ಲಯ್ಯ, ನೀರು ತುಂಬಿ ನೋಡಿದ ಮೇಲೆ ದಬದಬ ಹೊಡೆದ್ಯಲ್ಲ, ಬಿರುಕು ಬಿಡುತ್ತೆ ಅಂತ ಬಾಯಿ ಬಿಡಬಾರದಿತ್ತಾ?"

"ಮುಹೂರ್ತ ಅವರದು, ಬೋರ್ ನಮ್ದು ಅಕ್ಕಾ. ಹೊಡಿ ಅಂದ್ರು, ಹೊಡೆದೆ. ನೀವು ಹೊಡಿ ಅಂದ್ರೂ ಹೊಡೀತೀನಿ."

ಇಂಥವರಿಗೆ ಏನು ಹೇಳುವುದು? ಗಾಜನೂರಿನ ಕಲ್ಲು ಕೊರೆದವನಿಗೆ ನಾಲಿಗೆ ಎತ್ತಲು ಶಕ್ತಿ ಸಾಲಲಿಲ್ಲ. ಒಲೆಯ ಕೆಲಸ ಮುಗಿದ ಕೂಡಲೇ ಅಂಗಳದಲ್ಲಿ ಹೋಗಿ ಕೂರುತ್ತಿದ್ದೆ. ಮಣ್ಣಿನ ಪದರ ಮುಗಿದು ಬಂಡೆ ಸಿಗುವತನಕ ಕಬ್ಬಿಣದ ಪೈಪು ಇಳಿಸಬೇಕು, ಮೇಲಿನ ನೀರು ಒಳಗೆ ಇಳಿಯಬಾರದು ಅಂತ ಪಟ್ಟು ಹಿಡಿದೆ. ಅವನು ಅರ್ಧಕ್ಕೇ ಪೈಪು ನಿಲ್ಲಿಸಲು ನೋಡಿದ.

"ಏನಕ್ಕಾ, ನೀವು ಇಂಜಿನೀರಾ?"

"ಮೆಸ್ಸಿನವಳು. ಸೋರೋ ಪಾತ್ರೆ ನೋಡಿದ್ರೆ ಗೊತ್ತಾಗುತ್ತೆ. ಇಳಿಸು."

ಇಳಿಸಿದ. ಬಂಡೆ ಸಿಕ್ಕ ಮೇಲೆ ಕೆಲಸ ಬಹಳ ನಿಧಾನ. ಮೊಂಡಾದ ಉಳಿಯನ್ನು ತೆಗೆದು ಕುಲುಮೆಗೆ ಹಾಕಿ ಮತ್ತೆ ಮತ್ತೆ ಮೊನೆ ಮಾಡಿಸಬೇಕು. ಗುಲಾಬಿ ಗಿಡಗಳ ಮೇಲೆಲ್ಲ ಕಲ್ಲಿನ ಧೂಳು ಕೂತಿತು. ಸಾಹುಕಾರನ ಹೆಂಡತಿ ಕಿಟಕಿಯಿಂದ ನೋಡಿ ನೋಡಿ ಒಳಗೆ ಹೋಗುತ್ತಿದ್ದಳು. ಕೊನೆಗೊಂದು ದಿನ ಕೆಸರೆತ್ತುವ ಕೊಳವೆಯಲ್ಲಿ ತಿಳಿನೀರು ಬಂತು. ಸಾಹುಕಾರ ತೆಂಗಿನಕಾಯಿ ತರಿಸಲು ಹೊರಟ. "ಕಾಯಿ ಆಮೇಲೆ. ಮೊದಲು ಮೂಸಿ ನೋಡೋಣ" ಅಂದೆ. ನನ್ನ ಮೂಗನ್ನು ನಂಬಲಿಲ್ಲ. ಮೆಸ್ಸಿನ ಹುಡುಗರಲ್ಲಿ ಉಳಿದಿದ್ದವರನ್ನು ಕಾರ್ಖಾನೆಯಿಂದ ಬರುವ ದಾರಿಯಲ್ಲೇ ಕರೆದು ಕುಡಿಸಿದೆ. ಲಾಂದ್ರದ ತಮಾಷೆ ಮಾಡಿದ್ದವನು ಒಂದು ಚೊಂಬು ಪೂರ್ತಿ ಕುಡಿದು, "ಬೀಡಿ ಹಚ್ಚಬಹುದಾ ಅಕ್ಕಾ?" ಅಂದ.

ಪಂಪು ಕೂತಿತು. ಗೇಟು ತೆರೆದೇ ಇರಬೇಕಾಯಿತು. ಬೀದಿಯ ಹೆಂಗಸರು ಮೊದಲ ದಿನ ಸಂಕೋಚಪಟ್ಟರು, ಆಮೇಲೆ ಅವನ ಚಪ್ಪಡಿಯ ಮೇಲೇ ಕೂತು ಕೊಡ ಬೆಳಗತೊಡಗಿದರು. ಅಜ್ಜಿಯೂ ಒಂದು ದಿನ ಬಂದರು. ನನ್ನ ಕೊಡದ ಹಿಂದೆ ತಮ್ಮ ಕೊಡ ಇಟ್ಟು, "ಹೊಡಿಯೇ, ನನ್ನ ರಟ್ಟೇಲಿ ಶಕ್ತಿ ಇಲ್ಲ" ಅಂದರು. ನಾನು ಹೊಡೆದೆ. ಅಷ್ಟೇ ನಮ್ಮ ರಾಜಿ.

ಹಗೇವಿನಲ್ಲಿ ಉಳಿದಿದ್ದ ಎಣ್ಣೆಯನ್ನು ಸಾಹುಕಾರ ಎತ್ತಿಸಿ ಪೀಪಾಯಿಗೆ ಹಾಕಿಸಿದ. ಹುಡುಗರ ತಮ್ಮಂದಿರೆಲ್ಲ ಊರಿಗೆ ವಾಪಸ್ ಹೋದರು ಅಂತ ಕಾಣುತ್ತದೆ, ಮೆಸ್ಸು ಮತ್ತೆ ತುಂಬಿತು. ಕೇಳಿದವರೆಲ್ಲ, ಮೆಸ್ಸಿನಮ್ಮ ಗೆದ್ದಳು ಅಂದರು.

ಗೆದ್ದೆನೋ ಇಲ್ಲವೋ ನನ್ನ ಒಲೆಯನ್ನು ಕೇಳಬೇಕು. ಬೋರಿನ ನೀರು ಬಂಡೆಯ ನೀರು. ಕುಡಿಯಲು ತಂಪು, ವಾಸನೆಯಿಲ್ಲ. ಆದರೆ ಬೇಳೆ ಬೇಯುವುದಿಲ್ಲ. ನೆನೆಹಾಕಿದೆ, ಹರಳೆಣ್ಣೆ ಬಿಟ್ಟೆ, ಚಿಟಿಕೆ ಸೋಡ ಹಾಕಿದೆ. ಸೌದೆ ಸುಟ್ಟು ಸುಟ್ಟು ಸಾಕಾಯಿತು. ಕಾಳು ಕಾಳಾಗಿಯೇ ನಿಲ್ಲುತ್ತಿತ್ತು. ಪಾತ್ರೆಯ ತಳಕ್ಕೆ ಸುಣ್ಣದಂಥ ಬಿಳಿ ಹತ್ತುತ್ತಿತ್ತು. ಹುಡುಗರು ಉಂಡರು, ಬೈಯಲಿಲ್ಲ. ಆದರೆ ಆ ಬೆಣ್ಣೆಯಂಥ ಸಾರಿನ ಮಾತನ್ನೂ ಮತ್ತೆ ಯಾರೂ ಆಡಲಿಲ್ಲ. ಸೆರಗಿನಲ್ಲಿ ಬೇಳೆ ಕಟ್ಟಿಕೊಂಡು ಊರೆಲ್ಲ ತಿರುಗಿ ಹುಡುಕಿದ್ದ ನೀರು. ಅದಕ್ಕೆ ಬದಲು ಏನು ಕೊಟ್ಟರೂ ಅದು ಬದಲೇ.

ವರ್ಷಗಳಾದ ಮೇಲೆ ಸಾಹುಕಾರನ ಮಗ ಬಂದ. ಅಪ್ಪ ತೀರಿಕೊಂಡಿದ್ದ, ಗೋಡೌನು ಕೆಡವಿ ಹೊಸ ಕಟ್ಟಡ ಎಬ್ಬಿಸುವ ತಯಾರಿ. "ಆ ಹಳೇ ಬಾವಿಗೆ ನಮ್ಮ ಖರ್ಚಿನಲ್ಲೇ ಮಣ್ಣು ತುಂಬಿಸಿ ಮುಚ್ಚಿಕೊಡ್ತೀವಿ ಆಂಟಿ, ಸುಮ್ನೆ ಅಪಾಯ" ಅಂದ. ವಿನಯದ ಹುಡುಗ. ಅವರಪ್ಪನದೇ ಗಲ್ಲ.

ನಾನು ಒಳಗೆ ಹೋಗಿ ಒಂದು ಹಿಡಿ ತೊಗರಿಬೇಳೆ, ಒಂದು ಸಣ್ಣ ಪಾತ್ರೆ ತಂದು ಅವನ ಮುಂದಿಟ್ಟೆ. ಬಾವಿಯ ಹಗ್ಗ ತೋರಿಸಿದೆ.

"ಸೇದಪ್ಪ. ಈ ಬೇಳೆ ಬೇಯಿಸಿ, ನನ್ನ ಎದುರಿಗೆ ಕೂತು ಒಂದು ತುತ್ತು ತಿನ್ನು. ಆಮೇಲೆ ಮುಚ್ಚಿಸು."

ಅವನು ಬಗ್ಗಿ ಬಾವಿ ನೋಡಿದ. ಮೂಗು ಮುಚ್ಚಿಕೊಂಡ. ಪಾತ್ರೆ ಮುಟ್ಟದೆ ಹೋದ.

ಬೇಳೆಯನ್ನು ಒಳಗೆ ತೆಗೆದುಕೊಂಡು ಹೋಗಿ ಬೋರಿನ ನೀರಿನಲ್ಲಿ ನೆನೆಹಾಕಿದೆ. ಬಾವಿ ಹಾಗೇ ತೆರೆದಿದೆ.